ಹರಿಗೋಲು ಹತ್ತಿದ ಒಲೆ

ನಮ್ಮ ಹಿತ್ತಲಲ್ಲಿ ಬೇವಿನ ಮರದ ಬುಡಕ್ಕೆ ಒಂದು ಕಬ್ಬಿಣದ ಸಾಮಾನು ಬಿದ್ದಿದೆ. ಸಾಮಾನು ಎಂದೇ ಹೇಳಬೇಕು, ಏಕೆಂದರೆ ಅದಕ್ಕೆ ಹೆಸರಿಲ್ಲ. ಒಂದರೊಳಗೊಂದು ಕೂತ ಎರಡು ಕಡಾಯಿಗಳು, ಒಳಕ್ಕೆ ಬಗ್ಗಿಸಿದ ನಾಲ್ಕು ಗಿಡ್ಡ ಕಾಲುಗಳು, ಎತ್ತಿ ಹಿಡಿಯಲು ಎರಡು ದೊಡ್ಡ ಕಿವಿಗಳು. ಈಗ ಅದರಲ್ಲಿ ಗುಬ್ಬಿಗಳಿಗೆ ನೀರು ಹಾಕಿಡುತ್ತೇನೆ. ಮೊನ್ನೆ ಹಳೇ ಕಬ್ಬಿಣ ಕೊಳ್ಳುವವನು ಬಂದಾಗ ನನ್ನ ಮೊಮ್ಮಗಳು ಅದರ ನೀರು ಚೆಲ್ಲಿ, ಗಾಡಿಯವರೆಗೆ ಒಯ್ದೂ ಬಿಟ್ಟಿದ್ದಳು. ನಾನು ಮಂಡಿನೋವು ಮರೆತು ಓಡಿಹೋಗಿ ಕಸಿದುಕೊಂಡು ಬಂದೆ. ಗಾಡಿಯವನು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ಮುದುಕಿಗೆ ತಲೆ ಸರಿಯಿಲ್ಲ ಅಂದುಕೊಂಡ ಅಂತ. ಇರಲಿ. ಆ ಸಾಮಾನನ್ನು ಮಾಡಿಸಿದ ನನ್ನ ಮಾವನವರನ್ನೂ ಊರು ಹಾಗೆಯೇ ನೋಡುತ್ತಿತ್ತು.

ನಾನು ಮದುವೆಯಾಗಿ ಮುನವಳ್ಳಿಗೆ ಬಂದಾಗ ನಮ್ಮ ಕಡೆ ಮೋಟಾರು ಎಂಬುದನ್ನು ಯಾರೂ ಕಂಡಿರಲಿಲ್ಲ. ಪ್ಲೇಗಿನ ಹೆದರಿಕೆ ಆಗಷ್ಟೇ ಇಳಿದು ಜನ ಹೊಲದ ಗುಡಿಸಲು ಬಿಟ್ಟು ಊರೊಳಗಿನ ಮನೆಗಳಿಗೆ ಮರಳಿದ್ದರು. ಮಾವ ಹತ್ತಿ ದಲಾಲರು. ಬೈಲಹೊಂಗಲದ ಪೇಟೆಗೆ ಹತ್ತಿ ಬರುವ ತಿಂಗಳುಗಳಲ್ಲಿ ಅವರು ಮನೆಯವರ ಕೈಗೆ ಸಿಗುತ್ತಿರಲಿಲ್ಲ, ಉಳಿದ ತಿಂಗಳುಗಳಲ್ಲಿ ಮನೆಯವರಿಗೆ ಅವರ ಕೈಯಿಂದ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಬಾಗಿಲಿನ ಅಗುಳಿಯನ್ನು ಸುಧಾರಿಸುತ್ತೇನೆಂದು ಬಿಚ್ಚಿ, ನಾವೆಲ್ಲ ಒಂದು ವಾರ ಬಾಗಿಲಿಗೆ ಒರಳುಕಲ್ಲು ಒತ್ತಿ ಮಲಗುವಂತೆ ಮಾಡಿದವರು ಅವರು. ದಸರೆ ಮುಗಿದು ಮಲಪ್ರಭೆಯ ಕೆಂಪು ಇಳಿದ ಮೇಲೆ ಅಂಬಿಗರ ಬರಮಪ್ಪನ ಹರಿಗೋಲು ಮಾಡಿಕೊಂಡು ಹೊಳೆಗುಂಟ ಕೆಳಗೆ ಹೋಗುವುದು ಅವರ ವರ್ಷದ ಹಬ್ಬ. ಯಾವ ಕೆಲಸವೂ ಇಲ್ಲ. ಉಸುಕಿನ ಮೇಲೆ ಇಳಿದು, ಒದ್ದೆ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು, ಅರೆಬೆಂದದ್ದನ್ನು ಉಂಡು, ಬಹಳ ಸುಖವಾಯಿತೆಂದು ಹೇಳುತ್ತ ಬರುತ್ತಿದ್ದರು. ಹರಿಗೋಲಿನಲ್ಲೇ ಒಯ್ಯಬಹುದಾದ ಒಂದು ಒಲೆ ಮಾಡಿಸಬೇಕು, ಹೊಳೆಯ ನಡುವೆ ಕೂತು ಬಿಸಿಬಿಸಿ ಚಹಾ ಕುಡಿಯಬೇಕು ಎಂಬುದು ಅವರ ಬಹಳ ದಿನದ ಆಸೆ. ಮನೆಯಲ್ಲಿ ಚಹಾ ಸಾಧ್ಯವಿರಲಿಲ್ಲ. ಆ ಕರೀ ಕಷಾಯ ತನ್ನ ಒಲೆ ಹತ್ತಬಾರದೆಂದು ಅತ್ತೆಯ ಕಟ್ಟಪ್ಪಣೆ.

ಅತ್ತೆಯ ಒಲೆಯ ವಿಷಯ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ಅವರ ತವರು ರಾಮದುರ್ಗ. ನಾನು ಬರುವುದಕ್ಕೆ ಕೆಲವು ವರ್ಷ ಮೊದಲು ಪಂಚಮಿಗೆಂದು ತವರಿಗೆ ಹೋದವರು ಸ್ವಲ್ಪ ಹೆಚ್ಚೇ ದಿನ ಉಳಿದರಂತೆ. ಅವರ ತಾಯಿ, ನಾವೆಲ್ಲ ಆಯಿ ಅನ್ನುತ್ತಿದ್ದವರು, ಒಂದು ದಿನ ರೊಟ್ಟಿ ಬಡಿಯುತ್ತ ಏನೋ ಸಿಟ್ಟಿನಲ್ಲಿ ಅಂದುಬಿಟ್ಟರಂತೆ: “ಏನವ್ವಾ, ನಿನ್ನ ಮನಿ ಒಲಿ ಆರೇತೇನು? ಎಷ್ಟ ದಿನಾ ಈ ಒಲಿ ಮುಂದ ಕುಂಡ್ರತಿ?”

ಅತ್ತೆ ತಟ್ಟೆಯಲ್ಲಿದ್ದ ರೊಟ್ಟಿ ಬಿಟ್ಟು ಎದ್ದರು. ದೇವರ ದೀಪದ ಮುಂದೆ ನಿಂತು, ಇನ್ನು ತನ್ನ ಒಲೆಯ ಬೆಂಕಿಯಲ್ಲಿ ಬೆಂದದ್ದನ್ನಲ್ಲದೆ ಬೇರೆ ಏನನ್ನೂ ಬಾಯಿಗೆ ಹಾಕುವುದಿಲ್ಲ ಎಂದು ಆಣೆ ಮಾಡಿ ಗಾಡಿ ಹತ್ತಿದರು. ಆಮೇಲೆ ಯಾರ ಮನೆಯ ಮದುವೆಗೆ ಹೋದರೂ ಅಕ್ಷತೆ ಹಾಕಿ ಮನೆಗೆ ಬಂದು ಉಣ್ಣುವರು. ತವರಿನ ಕಡೆ ಮುಖ ಹಾಕಲಿಲ್ಲ. ತಾಯಿಯೂ ಕರೆಯಲಿಲ್ಲ. ತಾಯಿ ಮಗಳು ಇಬ್ಬರೂ ಒಂದೇ ಎರಕದವರು. ಬಗ್ಗುವುದು ಇಬ್ಬರಿಗೂ ಗೊತ್ತಿರಲಿಲ್ಲ.

ಇಂದಿನವರಿಗೆ ಇದು ವಿಚಿತ್ರವೆನಿಸಬಹುದು. ಬೆಂಕಿಗೆ ಯಾರದೆಂಬ ಹೆಸರಿರುತ್ತದೆಯೇ ಎಂದು ನನ್ನ ಮೊಮ್ಮಗಳು ಕೇಳುತ್ತಾಳೆ. ಇತ್ತಮ್ಮ, ಇತ್ತು. ಕಡ್ಡಿಪೆಟ್ಟಿಗೆ ಆಗಲೇ ಬಂದಿತ್ತು ನಿಜ, ಆದರೆ ಅದನ್ನು ಬೀಡಿ ಸೇದುವ ಗಂಡಸರ ಸಾಮಾನು ಎಂದುಕೊಂಡಿದ್ದೆವು. ಮನೆಯ ಒಲೆ ಆರುತ್ತಿರಲಿಲ್ಲ. ಮಲಗುವ ಮುಂಚೆ ಕೆಂಡಕ್ಕೆ ಬೂದಿ ಮುಚ್ಚುವುದು, ಬೆಳಗ್ಗೆ ಬೂದಿ ಸರಿಸಿ ಅದೇ ಕೆಂಡ ಊದುವುದು. ಅಪ್ಪಿತಪ್ಪಿ ಆರಿದರೆ ನೆರೆಮನೆಗೆ ಕೆಂಡ ಕೇಳಲು ಹೋಗಬೇಕು. ನನ್ನ ತವರು ದೊಡವಾಡದಲ್ಲಿ ನಾನು ಚಿಕ್ಕವಳಿದ್ದಾಗ ಆ ಕೆಲಸ ನನ್ನದೇ. ಒಂದು ಮುರುಕು ಕುಳ್ಳು, ಅಂದರೆ ಸಗಣಿಯ ಬೆರಣಿ, ಹಿಡಿದು ಹೋಗುವುದು, ಅವರು ಅದರ ಮೇಲೊಂದು ಕೆಂಡ ಇಟ್ಟುಕೊಡುವುದು, ನಾನು ಅದನ್ನು ಊದುತ್ತ ಮನೆಗೆ ಓಡುವುದು. ನಡುವೆ ಗೆಳತಿಯರು ಕುಂಟಾಬಿಲ್ಲೆ ಆಡುತ್ತಿದ್ದರೆ ಮುಗಿಯಿತು. ಮನೆ ಮುಟ್ಟುವಷ್ಟರಲ್ಲಿ ಕೆಂಡ ಕರಿಯಾಗಿ, ಅವ್ವನ ಮುಖ ಕೆಂಡವಾಗಿರುತ್ತಿತ್ತು. ಮತ್ತೆ ಹೋದರೂ ನೆರೆಯವರು ಕೊಡುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಮಾತ್ರ ಕೊಡುತ್ತಿರಲಿಲ್ಲ, ಹಗಲಿನಲ್ಲಿ ಎಂಥ ಹಗೆಯವರು ಬಂದು ಕೇಳಿದರೂ ಕೆಂಡ ಇಲ್ಲವೆನ್ನುವ ಹೆಂಗಸು ನಮ್ಮ ಸೀಮೆಯಲ್ಲಿ ಇರಲಿಲ್ಲ.

ನಾನು ಸೊಸೆಯಾಗಿ ಬಂದ ವರ್ಷ ಶ್ರಾವಣದಲ್ಲಿ ರಾಮದುರ್ಗದ ಕಡೆಯ ಬಳೆಗಾರನೊಬ್ಬ ಬಂದ. ನನ್ನ ಕೈಗೆ ಬಳೆ ಏರಿಸುತ್ತ ಅತ್ತೆಯ ಕಡೆ ನೋಡದೆ ಹೇಳಿದ: “ನಿಮ್ಮ ಅವ್ವಗ ಕಣ್ಣಿಗೆ ಪೊರಿ ಬಂದೈತ್ರಿ. ಒಂದ ಕಣ್ಣು ಪೂರಾ ಹೋತು. ಇನ್ನೊಂದರಾಗ ನಸುಕು ಕಾಣತೈತಂತ. ಮಗಳ ಮಾರಿ ನೋಡೂತನಾ ಇದೊಂದು ಇರಲಿ ಅಂತಿದ್ರು.”

ಅತ್ತೆ ಬಳೆಗಾರನಿಗೆ ಕುಡಿಯಲು ಮಜ್ಜಿಗೆ ಕೊಟ್ಟರು, ಆಮೇಲೆ ಒಲೆಯ ಮುಂದೆ ಹೋಗಿ ಸುಮ್ಮನೆ ಕೂತರು. ಸಾರು ಉಕ್ಕಿ ಒಲೆಗೆ ಚೆಲ್ಲಿದರೂ ಕೈ ಚಾಚಲಿಲ್ಲ. ನನಗೆ ಆಗ ಅವರನ್ನು ಕಂಡರೆ ಬಹಳ ಭಯ, ಹತ್ತಿರ ಹೋಗಿ ಕೂರುವ ಧೈರ್ಯವಾಗಲಿಲ್ಲ. ಬಾಗಿಲಲ್ಲೇ ನಿಂತು ನಾನು ಕಣ್ಣೀರು ಹಾಕಿದೆ.

ಮಾವ ಊಟಕ್ಕೆ ಕೂತಾಗ ಮೆಲ್ಲಗೆ ಮಾತು ತೆಗೆದರು. “ಹೋಗಿ ಬರೋಣು. ಖಡಕ್ ರೊಟ್ಟಿ ಕಟಗೊಂಡರ ಆತು. ನಿನ್ನ ಒಲಿ ರೊಟ್ಟಿನs ಉಂಡಂಗಾತು.”

“ಅವ್ವನ ಮನಿಯಾಗ ಕುಂತು ಗಂಟು ಬಿಚ್ಚಿ ತಂಗಳಾ ತಿನ್ನಲೇನ್ರಿ? ಅದಕ್ಕಿಂತ ಹೋಗದಿದ್ರs ಛಲೋ,” ಅಂದರು ಅತ್ತೆ. ಸಾರು ಬಡಿಸುತ್ತ, “ಆಕಿಗೆ ನನ್ನ ಕೈಲೆ ಎರಡ ದಿನಾ ಬಿಸಿ ಅಡಿಗಿ ಮಾಡಿ ಹಾಕಬೇಕಂತ ಐತಿ,” ಎಂದು ಸೇರಿಸಿದರು.

ಮಾವ ಮತ್ತೆ ಆ ಮಾತು ಆಡಲಿಲ್ಲ. ಆದರೆ ಮರುದಿನವೇ ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಕಡಾಯಿಗಳ ಚಿತ್ರ ಬರೆಯತೊಡಗಿದರು. ಯಾರು ಕೇಳಿದರೂ ಒಂದೇ ಉತ್ತರ: “ಈ ವರ್ಷ ಹೊಳಿಯಾಗ ಚಹಾ ಕುಡೀಬೇಕಂತ ಮಾಡೇನಿ.” ಹೆಂಡತಿಗಾಗಿ ಅಂತ ಒಮ್ಮೆಯೂ ಬಾಯಿ ಬಿಡಲಿಲ್ಲ. ಅತ್ತೆಯೂ ಏನೂ ಅರಿಯದವರಂತೆ ಗೋಡೆ ಹೊಲಸಾಯಿತೆಂದು ಗೊಣಗಿದರು, ಆದರೆ ಸುಣ್ಣ ಹಚ್ಚಲಿಲ್ಲ.

ಮೊದಲನೆಯದು ಮೂರು ಉದ್ದ ಕಾಲಿನ ಕಡಾಯಿ. ಬೈಲಹೊಂಗಲದಿಂದ ತಂದದ್ದು. ಬರಮಪ್ಪ ಬಂದು ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿಗೆ ತೊಗಲು ಹೊಲಿದದ್ದು. “ಸಾವಕಾರ್ರ, ಈ ಕಾಲು ತೊಗಲಿಗೆ ನೆಟ್ಟರ ಹೊಳಿ ಒಳಗs ಬರತೈತ್ರಿ. ನೀರಾಗ ಬೆಂಕಿ ಒಯ್ಯೋದು ನಾ ಎಲ್ಲೂ ಕಂಡಿಲ್ಲ,” ಅಂದ.

ಎರಡನೆಯದನ್ನು ಮೂರು ಬಿದಿರು ಕೂಡಿಸಿದ ಮುಕ್ಕಾಲಿಗೆ ಸರಪಳಿ ಕಟ್ಟಿ ತೊಟ್ಟಿಲಿನಂತೆ ತೂಗುಬಿಟ್ಟರು. ದಂಡೆಯ ಹತ್ತಿರವೇ ಪರೀಕ್ಷೆ. ನನ್ನನ್ನೂ ಕೂರಿಸಿಕೊಂಡರು, ತೂಕಕ್ಕೆ. ಹರಿಗೋಲು ನೆಟ್ಟಗೆ ಹೋಗುವ ಜಾತಿಯದಲ್ಲ, ಸುತ್ತುತ್ತ ಹೋಗುವುದು ಅದರ ಸ್ವಭಾವ. ಸುತ್ತಿದಂತೆಲ್ಲ ಹೊಗೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿಕೊಂಡು ಬಂತು. ಮೊದಲು ಮಾವನಿಗೆ ಕೆಮ್ಮು, ಆಮೇಲೆ ಬರಮಪ್ಪನಿಗೆ, ಆಮೇಲೆ ನನಗೆ. ಹೊಸ ಸೊಸೆ ಮಾವನ ಮುಂದೆ ಕೆಮ್ಮಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡಿದ್ದೆ. ಕೊನೆಗೆ ತಡೆಯಲಾರದೆ ಸೀನಿದ ರಭಸಕ್ಕೆ ಕಡಾಯಿ ತೂಗಿ ಒಂದು ಕೆಂಡ ನನ್ನ ಮಡಿಲಿಗೇ ಬಿತ್ತು. ಮದುವೆಯ ಇಳಕಲ್ಲ ಸೀರೆಗೆ ತೂತು. ಮಾವ ನನಗಿಂತ ಹೆಚ್ಚು ನೊಂದುಕೊಂಡರು. “ತಂಗಿ, ಅದರ ಮ್ಯಾಲೆ ಒಂದು ಹೂವಿನ ಕಸೂತಿ ಹಾಕ್ಕೊ, ಗೊತ್ತs ಆಗಂಗಿಲ್ಲ,” ಅಂದರು. ಹಾಕಿಕೊಂಡೆ. ಎಲ್ಲರಿಗೂ ಗೊತ್ತಾಗುತ್ತಿತ್ತು.

ಮೂರನೆಯದೇ ಈಗ ಹಿತ್ತಲಲ್ಲಿ ಇರುವುದು. ಹೊರಗಿನ ಕಡಾಯಿಯಲ್ಲಿ ಹಸಿ ಉಸುಕು, ಒಳಗಿನದರಲ್ಲಿ ಬೂದಿ ಮತ್ತು ಕೆಂಡ, ಕೆಳಗೊಂದು ಹಲಗೆ. ತೊಗಲಿಗೆ ಕಾವು ತಾಗದು. ಮುಚ್ಚಳಕ್ಕೆ ಸೀಮೆಎಣ್ಣೆಯ ಡಬ್ಬಿಯ ತಗಡು. ಮೊದಲ ಮುಚ್ಚಳಕ್ಕೆ ತೂತೇ ಇರಲಿಲ್ಲ, ಕೆಂಡ ಉಸಿರುಗಟ್ಟಿ ಸತ್ತಿತು. ಮಾವ ಸಿಟ್ಟಿನಿಂದ ಅದನ್ನು ಜರಡಿಯಂತೆ ತೂತು ಹೊಡೆದರು, ಕೆಂಡವೆಲ್ಲ ಮಧ್ಯಾಹ್ನದೊಳಗೆ ಉರಿದು ಬೂದಿಯಾಯಿತು. ಆ ದಿನ ಮಾವ ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದಾಗ ಅತ್ತೆ ಹಿತ್ತಲಿಗೆ ಹೋಗುವವರಂತೆ ಅಲ್ಲಿ ಹಾದರು. “ಅರ್ಧಾ ತೂತಿಗೆ ಮಣ್ಣು ಮೆತ್ರಿ. ಬೂದಿ ಹೆಚ್ಚಗಿ ಹಾಕ್ರಿ,” ಎಂದು ಗೋಡೆಗೆ ಹೇಳಿದಂತೆ ಹೇಳಿ ಹೋದರು. ಆ ಕೆಂಡ ಮರುದಿನ ಸಂಜೆಯವರೆಗೂ ಬದುಕಿತ್ತು. ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಇದು ನಿನ್ನ ಒಲಿ ಕೆಂಡ. ದೀಪಾವಳಿಗೆ ಮೊದಲ ಹೋಗೋಣೇನು?” ಎಂದು ಕೇಳಿದರು. ಅತ್ತೆ ಮರುದಿನವೇ ದಾರಿಯ ಅಡುಗೆಗೆಂದು ಕಾರದಪುಡಿ ಕುಟ್ಟಲು ಕೂತರು.

ಈ ಸುದ್ದಿ ನಮಗಿಂತ ಮುಂಚೆ ರಾಮದುರ್ಗ ಮುಟ್ಟಿತ್ತು. ಮುನವಳ್ಳಿಯ ದಲಾಲರ ಹೆಂಡತಿ ಹೊಳೆಗುಂಟ ಒಲೆ ತರುತ್ತಾಳಂತೆ ಎಂದು ಸಂತೆಯಿಂದ ಸಂತೆಗೆ ಮಾತು ಹರಿದಿತ್ತು. ನಗುವವರು ನಕ್ಕರು.

ಹೊರಡುವ ಬೆಳಗ್ಗೆ ಮನೆಯ ಒಲೆಯನ್ನೂ ನನ್ನ ಗಂಡನನ್ನೂ ನೆರೆಮನೆಯ ಗೌಡರ ಹೆಂಡತಿ ಗೌಡಶಾನಿಗೆ ಒಪ್ಪಿಸಿ ಹೊಳೆಗೆ ಬಂದೆವು. ಬರಮಪ್ಪ ಗಂಗೆಗೆ ಪೂಜೆಯಾಗದೆ ಹರಿಗೋಲು ಬಿಡನು. ಗಂಗೆಗೆ ಆಯಿತು, ಹರಿಗೋಲಿಗೆ ಆಯಿತು. ಮಾವನಿಗೆ ತಮ್ಮ ಒಲೆಗೂ ಆಗಬೇಕೆನಿಸಿತು. ಕುಂಕುಮ ಹಚ್ಚಿದರು, ಹೂ ಏರಿಸಿದರು, ಕೆಂಡಕ್ಕೆ ಲೋಬಾನ ಹಾಕಲು ಮುಚ್ಚಳ ತೆಗೆದರು. ಆಮೇಲೆ ಭಕ್ತಿಯ ಭರದಲ್ಲಿ, ಒಡೆಯಲು ಬೇರೆ ಕಲ್ಲು ಕಾಣದೆ, ತೆಂಗಿನಕಾಯಿಯನ್ನು ಆ ಕಡಾಯಿಯ ಅಂಚಿಗೇ ಕುಟ್ಟಿದರು. ಕಾಯಿ ಎಳೆಯದು, ಒಳಗೆ ತುಂಬ ನೀರು. ನೀರೆಲ್ಲ ಕೆಂಡದ ಮೇಲೆ ಬಿದ್ದು ಚೊಂಯ್ ಎಂದು ಹೊಗೆ ಎದ್ದಿತು.

ಶಕುನ ಕೆಟ್ಟಿತೆಂದು ಬರಮಪ್ಪ ಕೋಲು ಕೆಳಗಿಟ್ಟ. ಮಾವನ ಮುಖ ನೋಡುವಂತಿರಲಿಲ್ಲ, ಒಡೆದ ಕಾಯಿಯ ಎರಡು ಹೋಳು ಹಿಡಿದುಕೊಂಡು ತಪ್ಪು ಮಾಡಿದ ಹುಡುಗನ ಹಾಗೆ ನಿಂತಿದ್ದರು. ಅತ್ತೆ ಕಡಾಯಿಯ ರಾಡಿ ಬಳಿದು ಚೆಲ್ಲಿ, ಅದನ್ನು ಸೊಂಟಕ್ಕೇರಿಸಿಕೊಂಡು ಮನೆಗೆ ಹೋದರು. ತಮ್ಮ ಒಲೆಯಿಂದ ಮತ್ತೆ ಕೆಂಡ ತುಂಬಿಕೊಂಡು ಬಂದು ಹರಿಗೋಲಿನಲ್ಲಿ ಕೂತರು. “ನಡೀಪಾ ಬರಮಪ್ಪಾ. ಗಂಗಿಗೆ ಬೆಂಕಿ ಬೇಕಾಗಿತ್ತು, ಕೊಟ್ಟೇವಿ. ಇನ್ನ ಬಿಡು.” ಬರಮಪ್ಪ ಬಿಟ್ಟ.

ಆ ಪ್ರಯಾಣದ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಮೇಲೆ ಬಿಳಿ ಮೋಡ, ಎರಡೂ ದಂಡೆಯಲ್ಲಿ ಇನ್ನೂ ತೆನೆ ಬಿಡದ ಜೋಳ. ಎಮ್ಮೆ ಮೈ ತೊಳೆಯುವವರು ನಮ್ಮ ಒಲೆ ನೋಡಿ ಕೂಗುತ್ತಿದ್ದರು, “ಏನ್ ಅಡಿಗಿರಿ ಇವತ್ತು?” ಮಾವ ಅಭಿಮಾನದಿಂದ ಮುಂಡಾಸು ಸರಿಮಾಡಿಕೊಳ್ಳುತ್ತಿದ್ದರು. ಸಂಜೆ ತೊರಗಲ್ಲಿನ ಹತ್ತಿರ ಉಸುಕಿನಲ್ಲಿ ಇಳಿದೆವು. ಅತ್ತೆ ಬೂದಿ ಸರಿಸಿ ಊದಿದರೆ ಕೆಂಡ ಕಣ್ಣು ಬಿಟ್ಟಿತು. ಮಾವ ಅಂಗಿಯ ಜೇಬಿನಿಂದ ಒಂದು ಪೊಟ್ಟಣ ತೆಗೆದು, ಮೆಲ್ಲಗೆ ಕಡಾಯಿಯ ಹತ್ತಿರ ಸರಿದರು.

“ಏನದು?” ಅಂದರು ಅತ್ತೆ.

“ಒಂದ ಗುಟುಕ ಚಹಾ.”

“ಇದು ನನ್ನ ಒಲಿ ಐತ್ರಿ.”

ಮಾವ ಪೊಟ್ಟಣವನ್ನು ಜೇಬಿಗೆ ಮರಳಿಸಿದರು. ಎರಡು ತಿಂಗಳು ಆ ಚಹಾದ ಕನಸು ಕಂಡು ಕಬ್ಬಿಣ ಬಡಿಸಿದ ಮನುಷ್ಯ ಹೊಳೆಯ ದಂಡೆಯಲ್ಲಿ ಕೂತು ಮರುಮಾತಾಡದೆ ಅಂಬಲಿ ಕುಡಿದದ್ದನ್ನು ನೆನೆದರೆ ನನಗೆ ಇಂದಿಗೂ ಅಯ್ಯೋ ಅನಿಸುತ್ತದೆ.

ಮರುದಿನ ರಾಮದುರ್ಗ ಇನ್ನು ಸ್ವಲ್ಪ ದೂರ ಇರುವಾಗ ಮಳೆ ಹಿಡಿಯಿತು. ಆ ಕಾಲದಲ್ಲಿ ಬರಬಾರದ ಮಳೆ. ಕೊಡೆ ಗಾಳಿಗೆ ಮೇಲ್ಮುಖವಾಗಿ ಹೊಳೆ ಪಾಲಾಯಿತು. ಮುಚ್ಚಳದ ತೂತುಗಳಲ್ಲಿ ನೀರು ಇಳಿಯತೊಡಗಿದಾಗ ಅತ್ತೆ ಕಂಬಳಿ ಎಳೆದುಕೊಂಡು ಕಡಾಯಿಯ ಮೇಲೆ ಬಗ್ಗಿದರು. ಕೂಸನ್ನು ಮಡಿಲಲ್ಲಿ ಮುಚ್ಚಿಕೊಂಡಂತೆ ಎರಡೂ ಕೈ ಸುತ್ತುಹಾಕಿ ಬಗ್ಗಿದವರು ಏಳಲೇ ಇಲ್ಲ. ಬೆನ್ನಿನ ಮೇಲೆ ಮಳೆ, ಎದೆಗೆ ಕಾವು, ಮುಖಕ್ಕೆ ಹೊಗೆ. ನಾನು ಹೆದರುತ್ತಲೇ ಹತ್ತಿರ ಸರಿದು ನನ್ನ ಸೆರಗನ್ನೂ ಅವರ ಮೇಲೆ ಹಿಡಿದೆ. ಆಗ ಕೇಳಿಸಿತು, ಅವರು ಕೆಂಡದೊಡನೆ ಮಾತಾಡುತ್ತಿದ್ದರು. “ಇನ್ನ ಸ್ವಲ್ಪ ತಡಕೊ ನಮ್ಮವ್ವಾ. ಆಕಿ ಕಣ್ಣು ಹೋಗೂದರೊಳಗ ಮುಟ್ಟೋಣು.” ಅಂದಿನಿಂದ ನನಗೆ ಅವರ ಭಯ ಹೋಯಿತು.

ಹೊತ್ತು ನೆತ್ತಿಗೆ ಬರುವಾಗ ಮಳೆ ನಿಂತಿತು, ನಾವು ದಂಡೆ ಮುಟ್ಟಿದೆವು. ಹರಿಗೋಲು ಕಂಡ ಯಾರೋ ಆಗಲೇ ಊರೊಳಗೆ ಓಡಿದ್ದರು. ಅತ್ತೆ ಕಡಾಯಿಯ ಒಂದು ಕಿವಿ, ನಾನೊಂದು ಕಿವಿ ಹಿಡಿದು ಓಣಿಯಲ್ಲಿ ನಡೆದೆವು, ಹಿಂದೆ ಅರ್ಧ ಊರು. ಮನೆಯ ಹೊಸ್ತಿಲಲ್ಲಿ ಆಯಿ ನಿಂತಿದ್ದರು. ಬಾಗಿದ ಮೈ, ಹಣೆಯ ಮೇಲೆ ಅಂಗೈ ಅಡ್ಡ ಹಿಡಿದು ಬೆಳಕಿನತ್ತ ಹುಡುಕುತ್ತಿದ್ದರು. ಅತ್ತೆ ಹೋಗಿ ಎದುರಿಗೆ ನಿಂತರು. ಆಯಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ತೀರಾ ಹತ್ತಿರ ತಂದು ನೋಡಿದರು. “ಸೊರಗೀದಿ,” ಅಂದರು. ಅಷ್ಟೇ. ಇಬ್ಬರೂ ಅಳಲಿಲ್ಲ. ಅತ್ತದ್ದು ನಾನು ಮತ್ತು ಬರಮಪ್ಪ.

ಅತ್ತೆ ಅಂಗಳದ ಮೂಲೆ ತೋರಿಸಿ, “ಅಲ್ಲೆ ಇಡು, ಅಲ್ಲೇ ಅಡಿಗಿ ಹೂಡತೇನಿ,” ಎಂದು ನನಗೆ ಹೇಳಿದರು. ಕಡಾಯಿ ಇಳಿಸಿದೆ. ಆಯಿ ಸಪ್ಪಳ ಹಿಡಿದು ಬಂದು ಅದರ ಮೇಲೆ ಕೈ ಚಾಚಿ ಕಾವು ನೋಡಿದರು.

“ಅಲ್ಲಿಂದ ಇಲ್ಲೀತನಾ ತಂದಿ?”

“ಹೂಂ.”

“ಆರಲಿಲ್ಲ?”

“ಇಲ್ಲ.”

ಆಯಿ ಸೆರಗಿನೊಳಗಿಂದ ಒಂದು ಮುರುಕು ಕುಳ್ಳು ತೆಗೆದು ಮಗಳ ಮುಂದೆ ಹಿಡಿದರು.

“ನನ್ನ ಮನಿ ಒಲಿ ಆರೇತಿ, ಮಗಳ. ಎರಡ ಕೆಂಡಾ ಕೊಡ್ತೀಯೇನು?”

ಅತ್ತೆ ತಾಯಿಯ ಮುಖ ನೋಡಿದರು, ಕುಳ್ಳು ನೋಡಿದರು. ಕೇಳಲು ಬಂದವರಿಗೆ ಕೆಂಡ ಇಲ್ಲವೆನ್ನುವ ಹೆಂಗಸು ಅವರಲ್ಲವಲ್ಲ. ಮುಚ್ಚಳ ತೆಗೆದು, ಬೂದಿ ಸರಿಸಿ, ಎಲ್ಲಕ್ಕಿಂತ ದೊಡ್ಡ ಎರಡು ಕೆಂಡ ಆರಿಸಿ ಆ ಕುಳ್ಳಿನ ಮೇಲೆ ಇಟ್ಟರು.

ಆಯಿಗೆ ದಾರಿ ಕಾಣದೆಂದು ನಾನು ಅವರ ತೋಳು ಹಿಡಿದು ಒಳಗೆ ಹೋದೆ. ಒಲೆಯ ಬೂದಿಯೆಲ್ಲ ಕರಿ ಕೆಸರಾಗಿತ್ತು. ನೀರು ಹರಿದು ಅಡುಗೆಮನೆಯ ಬಾಗಿಲವರೆಗೆ ಬಂದಿತ್ತು. ನಾನು ಮೇಲೆ ಛಾವಣಿ ನೋಡಿದೆ, ಮಳೆ ಸೋರಿದ ಗುರುತು ಎಲ್ಲಿಯೂ ಇರಲಿಲ್ಲ. ಆ ಮನೆಯ ಸೊಸೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: “ಹರಗೋಲ ಬಂತು ಅಂದ ಕೂಡ್ಲೆ ತಾವs ಒಂದ ಕೊಡಾ ನೀರ ಸುರುವ್ಯಾರ್ರಿ. ನಾ ಬ್ಯಾಡ ಬ್ಯಾಡ ಅಂದೆ. ಅವರ ಅತ್ತಿ ಕಾಲದಿಂದ ಆರದ ಒಲಿ.”

ಬೂದಿ ಬಳಿದು ತೆಗೆದು, ಆ ಕೆಂಡ ಇಟ್ಟು, ಆಯಿ ತಾವೇ ಊದಿದರು. ಬೆಂಕಿ ಎದ್ದಿತು. ಈಗ ಆ ಒಲೆಯಲ್ಲಿ ಇದ್ದದ್ದು ಅತ್ತೆಯ ಬೆಂಕಿಯೇ, ಆಣೆ ಕೇಳಿದ ದೇವರ ದೀಪವೂ ಅಲ್ಲವೆನ್ನುವಂತಿರಲಿಲ್ಲ. ಯಾರೂ ಆ ಮಾತು ಆಡಲಿಲ್ಲ. ಅತ್ತೆ ಒಳಗೆ ಬಂದು, ಹಿಂದೊಮ್ಮೆ ಬಿಟ್ಟು ಎದ್ದ ಜಾಗದಲ್ಲೇ ಇರಬೇಕು, ಒಲೆಯ ಮುಂದೆ ಕೂತರು. ಆಯಿ ಯಾರಿಗೂ ಕೈ ಹಚ್ಚಗೊಡದೆ ಕೈಯ ಅಂದಾಜಿನಲ್ಲೇ ರೊಟ್ಟಿ ಬಡಿದು ಬೇಯಿಸಿ ಮಗಳ ತಟ್ಟೆಗೆ ಹಾಕಿದರು. ಒಂದು ಮಗ್ಗುಲು ಇದ್ದಿಲಿನಂತೆ ಕರಿಯಾಗಿತ್ತು.

“ಹೊತ್ತೇತೇನು? ಕಣ್ಣು ಕಾಣಂಗಿಲ್ಲ ನನಗ,” ಅಂದರು ಆಯಿ.

ಅತ್ತೆ ಆ ಕರೀ ಮಗ್ಗುಲನ್ನೇ ಮೊದಲು ಮುರಿದು ಬಾಯಿಗಿಟ್ಟುಕೊಂಡರು. ಅಗಿದು ನುಂಗಿದರು.

“ಇಲ್ಲಬೇ,” ಅಂದರು. “ಇನ್ನೊಂದ ಹಾಕು.”